ಲತೀಫಾಕನ ಕಾಟಾ

ದೋಹಾ ಅಲ್ ಜದೀದಾದ ಒಂದು ಒಳಗಲ್ಲಿಯಲ್ಲಿ ಅಬ್ದುಲ್ ಲತೀಫನ, ಜನರ ಬಾಯಲ್ಲಿ ಲತೀಫಾಕನ, ಕಾರ್ಗೋ ಅಂಗಡಿ. ಊರಿಗೆ ಪೆಟ್ಟಿಗೆ ಕಳಿಸುವವರೆಲ್ಲ ಅಲ್ಲಿಗೇ ಬರುತ್ತಿದ್ದರು. ಹಾಲಿನ ಪುಡಿ, ಕಂಬಳಿ, ಅತ್ತರು, ಇನ್ನೂ ಹುಟ್ಟದ ಮಗುವಿಗೆ ಈಗಲೇ ತೆಗೆದಿಟ್ಟ ಅಂಗಿ, ಎಲ್ಲವನ್ನೂ ತುರುಕಿ, ಮೇಲೆ ಹತ್ತಿ ಕೂತು ಮುಚ್ಚಿ, ಹಗ್ಗ ಬಿಗಿದ ಮೇಲೆ ಪೆಟ್ಟಿಗೆ ಕಾಟಾ ಏರುತ್ತಿತ್ತು. ಎದೆಯೆತ್ತರದ ಹಳೆಯ ತೂಕದ ಕಾಟಾ ಅದು. ಕೆಳಗೆ ಕಬ್ಬಿಣದ ಹಲಗೆ, ಮೇಲೆ ಗಡಿಯಾರದಂಥ ದುಂಡು ಮುಖ, ಅದರೊಳಗೊಂದು ಕೆಂಪು ಮುಳ್ಳು. ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುವ ಗಿರಾಕಿಗಳು ಎಂಥ ಅನುಮಾನದ ಪ್ರಾಣಿಗಳೆಂದು ಹೇಳಬೇಕಾಗಿಲ್ಲ. ಅಂಥವರೂ ಲತೀಫನ ಮುಳ್ಳು ತೋರಿಸಿದ್ದನ್ನು ಮರುಮಾತಿಲ್ಲದೆ ಒಪ್ಪುತ್ತಿದ್ದರು. "ಲತೀಫಾಕನ ಕಾಟಾ ಸುಳ್ಳು ಹೇಳುವುದಿಲ್ಲ ಮಾರಾಯ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಲತೀಫನಿಗೆ ಒಳಗೊಳಗೇ ಖುಷಿ. ಹೊರಗೆ ಮಾತ್ರ ಕೇಳಿಸದವನಂತೆ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದ.

ಆ ಕಾಟಾಕ್ಕೆ ಮನುಷ್ಯರನ್ನು ತೂಗುವ ಕೆಲಸ ಬಿದ್ದದ್ದು ತೊಂಬತ್ತೈದರಲ್ಲಿ. ಆ ವರ್ಷ ರಂಜಾನ್ ಹಬ್ಬ ಮುಗಿಯುತ್ತಲೇ ದೋಹಾದ ಕನ್ನಡಿಗರು ಹಳೆ ವಿದ್ಯಾರ್ಥಿಗಳ ಕಬಡ್ಡಿ ಪಂದ್ಯಾಟ ಹಚ್ಚಿಕೊಂಡರು. ತಮ್ಮ ತಮ್ಮ ಕಾಲೇಜಿನ ಹೆಸರಿನಲ್ಲಿ ತಂಡ ಕಟ್ಟಬೇಕು, ಶುಕ್ರವಾರ ಶುಕ್ರವಾರ ಆಡಬೇಕು. ಊರಿನಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದು ತಿರುಗಿದವರಿಗೆಲ್ಲ ಇಲ್ಲಿ ಕಾಲೇಜಿನ ಅಭಿಮಾನ ಉಕ್ಕಿ ಹರಿಯಿತು. ಊರ ಪದ್ಧತಿಯಂತೆ ಇಲ್ಲೂ ಅರವತ್ತು ಕಿಲೋ ಮಿತಿ ಇಟ್ಟರು. ಅದಕ್ಕಿಂತ ಒಂದು ಗೆರೆ ಹೆಚ್ಚು ತೂಗಿದವನಿಗೂ ಅಂಕಣವಿಲ್ಲ. ತೂಗುವುದಕ್ಕೆ ಲತೀಫನ ಕಾಟಾವೇ ಆಗಬೇಕು, ಮುಳ್ಳು ಓದುವುದಕ್ಕೆ ಲತೀಫನೇ ಆಗಬೇಕು ಎಂದು ಎಂಟು ತಂಡದವರೂ ಒಂದೇ ಬಾಯಲ್ಲಿ ಹೇಳಿದರು. ಲತೀಫ ಪಡುಬೆಟ್ಟು ಕಾಲೇಜಿನವನು, ಆ ಕಾಲೇಜಿನದೂ ಒಂದು ತಂಡ ಕಣದಲ್ಲಿದೆ ಎಂಬುದು ಯಾರಿಗೂ ಅಡ್ಡಿ ಎನಿಸಲಿಲ್ಲ.

ತೂಗುವುದರಲ್ಲೂ ಸಮಿತಿಯವರು ತಮ್ಮ ಬುದ್ಧಿ ಖರ್ಚು ಮಾಡಿದ್ದರು. ಊರಿನಲ್ಲಿ ಹುಡುಗರು ಬೆಳಿಗ್ಗೆ ತೂಕ ಕೊಟ್ಟು, ಆಮೇಲೆ ಹೊಟ್ಟೆ ಬಿರಿಯ ತಿಂದು ಕುಡಿದು ಸಂಜೆ ಆಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ಮೋಸ ಇಲ್ಲಿ ನಡೆಯಬಾರದೆಂದು ಕಾಟಾವನ್ನು ಅಂಕಣದ ಪಕ್ಕದಲ್ಲೇ ಇರಿಸಿ, ಕಾಟಾದಿಂದ ಇಳಿದವನು ನೇರ ಅಂಕಣಕ್ಕೆ ಹೋಗಬೇಕು, ನಡುವೆ ಒಂದು ತೊಟ್ಟು ನೀರೂ ಮುಟ್ಟುವಂತಿಲ್ಲ ಎಂದು ಕಟ್ಟಳೆ ಮಾಡಿದರು. ಮೋಸ ನಿಂತಿತು, ನಿಜ. ಹುಡುಗರು ತೂಕ ಇಳಿಸುವುದನ್ನು ಮಾತ್ರ ಬಿಡಲಿಲ್ಲ. ಹಿಂದಿನ ದಿನದಿಂದಲೇ ನೀರು ಬಿಟ್ಟು, ಸ್ವೆಟರ್ ಹಾಕಿ, ಕಿಟಕಿ ಏರಿಸಿದ ಕಾರಿನೊಳಗೆ ಬಿಸಿಲಲ್ಲಿ ಕೂತು ಬೆವರು ಬಸಿದು, ಒಣಗಿದ ಮೈಯಲ್ಲೇ ಆಡಲು ಬರತೊಡಗಿದರು. ಕತಾರಿನ ಏಪ್ರಿಲನ್ನು ಊರಿನ ಡಿಸೆಂಬರ್ ಎಂದುಕೊಂಡಿದ್ದ ಸಮಿತಿಯ ಮಹಾಶಯರಿಗೆ ಇದು ತಲೆಗೇ ಹೋಗಲಿಲ್ಲ.

ಪಡುಬೆಟ್ಟು ಕಾಲೇಜೆಂದರೆ ಹೆಂಚಿನ ಮಾಡಿನ ನಾಲ್ಕು ಕೋಣೆ, ಎದುರಿಗೊಂದು ಮರಳಿನ ಅಂಗಳ, ಅಷ್ಟೆ. ಅದರ ಹಳೆ ವಿದ್ಯಾರ್ಥಿಗಳನ್ನು ದೋಹಾದಲ್ಲಿ ಹುಡುಕಿ ಹುಡುಕಿ ಒಂದು ತಂಡ ತುಂಬಿಸುವಷ್ಟರಲ್ಲಿ ತರಬೇತುದಾರ ವೆಂಕಟರಾಮುವಿಗೆ ಸಾಕುಸಾಕಾಗಿತ್ತು. ವೆಂಕಟರಾಮು ಒಂದು ಆಫೀಸಿನಲ್ಲಿ ಅಕೌಂಟೆಂಟ್. ಕಾಲೇಜಿನಲ್ಲಿ ಕ್ಯಾಪ್ಟನ್ ಆಗಿದ್ದ ಬಿಂಕ ಇನ್ನೂ ಇಳಿದಿರಲಿಲ್ಲ. ಅಂಥ ಪುಟ್ಟ ಕಾಲೇಜು ಆ ವರ್ಷ ಒಂದಾದ ಮೇಲೊಂದು ಪಂದ್ಯ ಗೆಲ್ಲುತ್ತ ಬಂದದ್ದು ಜಾಬಿರ್ ಒಬ್ಬನಿಂದ. ಅವನು ಎದುರಾಳಿಯ ಅಂಕಣಕ್ಕೆ ಕಬಡ್ಡಿ ಕಬಡ್ಡಿ ಎನ್ನುತ್ತ ನುಗ್ಗಿದರೆ ದನಿ ಮೈದಾನದಾಚೆಯ ರಸ್ತೆಗೂ ಕೇಳಿಸುತ್ತಿತ್ತು.

ಈ ಜಾಬಿರ್ ಲತೀಫನ ಹೆಂಡತಿ ಸಾರಮ್ಮನ ತಮ್ಮ. ತಾಯಿ ತೀರಿಕೊಂಡ ಮೇಲೆ ಸಾರಮ್ಮನೇ ಎತ್ತಿ ಆಡಿಸಿ ಬೆಳೆಸಿದವನು. ಬಿ.ಕಾಂ. ಮುಗಿಸಿ ದೋಹಾಕ್ಕೆ ಬಂದವನಿಗೆ ಸಿಕ್ಕಿದ್ದು ಕಟ್ಟಡ ಕೆಲಸದಲ್ಲಿ ಸಿಮೆಂಟು ಹೊರುವ ಪಾಳಿ. ವೀಸಾ ಕೊಟ್ಟ ಅರಬಿ ಯಜಮಾನ ಇನ್ನು ಮುಂದೆ ಕೆಲಸವೂ ಇಲ್ಲ ವೀಸಾವೂ ಇಲ್ಲ, ಮಾಫಿ, ಖಲಾಸ್ ಎಂದು ಕೈ ಝಾಡಿಸಿಬಿಟ್ಟಿದ್ದ. ಬೇಸಿಗೆಯೊಳಗೆ ಬೇರೆ ಕೆಲಸ ಸಿಗದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ಊರಿಗೆ ಹೊರಡಬೇಕು. ಅಷ್ಟರಲ್ಲಿ ತಿರುಮಲೇಶ್ ಒಂದು ಮಾತು ಆಡಿದ. ಈ ತಿರುಮಲೇಶ್ ದೊಡ್ಡ ಕಂಟ್ರಾಕ್ಟಿಂಗ್ ಕಂಪೆನಿಯೊಂದರ ಮ್ಯಾನೇಜರ್, ಫೈನಲಿಗೆ ಬಂದಿದ್ದ ಎದುರು ತಂಡದ ಪೋಷಕ. ಹತ್ತು ಜನರೆದುರು ಜಾಬಿರನ ಬೆನ್ನು ತಟ್ಟಿ, "ಫೈನಲಲ್ಲಿ ನಮ್ಮ ಕಾಲೇಜನ್ನ ಹೊಡೆದು ತೋರಿಸಯ್ಯಾ. ನಮ್ಮ ಸ್ಟೋರಲ್ಲಿ ಕೆಲಸ, ವೀಸಾ ನನ್ನ ಜವಾಬ್ದಾರಿ" ಎಂದ. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ, ಜಾಬಿರ್ ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡ ಹಾಗೆ ಹಿಡಿದುಕೊಂಡ.

ಲತೀಫನ ನಿದ್ದೆ ಕೆಟ್ಟದ್ದು ಸೆಮಿಫೈನಲಿನ ದಿನ. ಅವತ್ತು ಎದುರಾಳಿಗಳು ಉತ್ತರ ಕರ್ನಾಟಕದ ಹುಡುಗರು. ಅವರ ರೈಡರ್ ಯಮನಪ್ಪ, ಪೈಪ್ ಫಿಟರ್, ಗಟ್ಟಿ ಆಳು. ಆಟದ ನಡುವೆ ಯಾರೂ ಮುಟ್ಟದೆ, ಯಾರೂ ಹಿಡಿಯದೆ ತಾನಾಗಿ ಬಿದ್ದ. ಕಾಟಾ ತಂದಿದ್ದ ಪಿಕಪ್ ಅಲ್ಲೇ ನಿಂತಿದ್ದರಿಂದ ಅವನನ್ನು ಆಸ್ಪತ್ರೆಗೆ ಒಯ್ದದ್ದು ಲತೀಫನೇ. ಮಂಚಕ್ಕೆ ತೂಗುಬಿಟ್ಟಿದ್ದ ಮೂತ್ರದ ಚೀಲದಲ್ಲಿ ಹಾಲಿಲ್ಲದ ಕಡು ಚಹಾದ ಬಣ್ಣ ನೋಡಿ ಅವನು ನರ್ಸನ್ನು ಕೂಗಿ ಕರೆದ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಿಡ್ನಿಯೂ ಇಲ್ಲ, ಹುಡುಗನೂ ಇಲ್ಲ ಎಂದು ಮಲಯಾಳಿ ನರ್ಸು ಬೈದಳು.

ಯಮನಪ್ಪ ಕಣ್ಣು ಬಿಟ್ಟು ಹೇಳಿದ, "ಬಾಯಾಗ ನಾಲಿಗಿ ಕಟ್ಟಿಗಿ ಆಗಿತ್ರಿ ಅಣ್ಣಾರ. ತೂಕ ಹೆಚ್ಚಾದೀತು ಅಂತ ಬಾಯಿ ಮುಕ್ಕಳಿಸಾಕೂ ಹೆದರಿದ್ನಿ ನೋಡ್ರಿ."

ಲತೀಫ ಸಮಿತಿಯ ಮುಂದೆ ಹೋಗಿ ಆ ಕಟ್ಟಳೆ ಕಿತ್ತುಹಾಕಿ ಎಂದು ಕೈಮುಗಿದ. "ಇನ್ನು ಫೈನಲ್ ಒಂದೇ ಉಳಿದಿರುವುದಲ್ಲವಾ, ಮುಂದಿನ ವರ್ಷ ನೋಡೋಣ" ಎಂದು ಅವರು ಚಹಾ ಕುಡಿಸಿ ಕಳಿಸಿದರು.

ಫೈನಲಿನ ಹಿಂದಿನ ದಿನ ಗುರುವಾರ ಸಂಜೆ ಜಾಬಿರ್ ಅಂಗಡಿಗೆ ಬಂದು ಕಾಟಾ ಹತ್ತಿದ. ಮುಳ್ಳು ಅರವತ್ತೆರಡಕ್ಕೆ ಹೋಗಿ ನಿಂತಿತು. ಅವನ ಮುಖ ಸಪ್ಪಗಾಯಿತು.

"ಆಡುವುದೇ ಬೇಡ ಜಾಬಿ," ಎಂದ ಲತೀಫ. "ಯಮನಪ್ಪನನ್ನು ನೀನೂ ನೋಡಿ ಬಂದಿದ್ದಿ."

"ಆಡದಿದ್ದರೆ ಊರಿಗೆ ಹೋಗ್ಬೇಕು ಭಾವ. ಊರಲ್ಲಿ ಎಂತ ಉಂಟು ನನಗೆ?"

"ನೀರು ಬಿಡುವುದಾದರೆ ನಾನೇ ನಿನ್ನನ್ನು ಕಟ್ಟಿ ಹಾಕ್ತೇನೆ."

ಜಾಬಿರ್ ನಕ್ಕ. ನಗು ಮುಗಿಯುವ ಮೊದಲೇ ಕಣ್ಣು ತುಂಬಿತು. ಲತೀಫನಿಗೆ ಆ ಕಣ್ಣು ನೋಡಲಾಗಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯನ ಬಾಯಿಂದ ಯಾವ ಮಾತು ಬರುತ್ತದೆಂದು ಅವನಿಗೂ ತಿಳಿದಿರುವುದಿಲ್ಲ.

"ಅಲ್ ಹಿಲಾಲಿನ ಮನೆಗೆ ಹೋಗು," ಎಂದ. "ಅಕ್ಕ ಮೀನು ಮಾಡಿದ್ದಾಳೆ. ಹೊಟ್ಟೆ ತುಂಬ ಉಣ್ಣು, ನೀರು ಕುಡಿ. ನಾಳೆ ತೂಕ ಸರಿಯಾಗ್ತದೆ. ಅದು ನನಗೆ ಬಿಡು."

ಜಾಬಿರ್ ಒಂದು ಗಳಿಗೆ ಭಾವನ ಮುಖ ನೋಡಿದ. "ಆಯ್ತು ಭಾವ," ಎಂದು ಹೊರಟ.

ಅವನು ಗಲ್ಲಿ ದಾಟಿದ ಮೇಲೆ ಲತೀಫ ಅಂಗಡಿಯ ಬಾಗಿಲು ಅರ್ಧ ಎಳೆದು, ಕಾಟಾದ ಮುಖದ ಹಿಂದಿನ ತಗಡು ಬಿಚ್ಚಿದ. ಒಳಗೆ ಮುಳ್ಳನ್ನು ಸರಿಪಡಿಸುವ ಒಂದು ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಮುಳ್ಳು ಹಿಂದೆ ಸರಿಯುತ್ತದೆ. ಸೊನ್ನೆಯ ಹತ್ತಿರ ಒಂದು ಮೊಳೆ ಇರುವುದರಿಂದ ಖಾಲಿ ಕಾಟಾದ ಮುಳ್ಳು ಅದಕ್ಕೊರಗಿ ಸೊನ್ನೆಯಲ್ಲೇ ನಿಂತಂತೆ ಕಾಣುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಲಾಭಕ್ಕಾಗಿ ಆ ಸ್ಕ್ರೂ ಮುಟ್ಟದವನು ಅವತ್ತು ಎರಡು ಕಿಲೋ ಕಡಿಮೆ ತೋರಿಸುವಷ್ಟು ತಿರುಗಿಸಿದ. ಎರಡು ತಂಡಕ್ಕೂ ಒಂದೇ ಕಾಟಾ ಅಲ್ಲವಾ, ಯಾರಿಗೂ ಅನ್ಯಾಯವಿಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಆದರೂ ತಗಡು ಮುಚ್ಚುವಾಗ ಯಾರದೋ ಜೇಬಿಗೆ ಕೈ ಹಾಕಿದಷ್ಟು ನಾಚಿಕೆಯಾಯಿತು.

ಮನೆಗೆ ಬಂದು ಕೇಳಿದರೆ ಸಾರಮ್ಮ, "ಎರಡು ತುತ್ತು ಉಂಡ, ರೂಮಿಗೆ ಹೋಗಿ ಮಲಗ್ತೇನೆ ಅಂತ ಹೋದ" ಎಂದಳು. "ನಾಳೆ ಅವನನ್ನು ನೋಡಿಕೊಳ್ಳಿ. ನಿಮ್ಮ ಕೈಯಲ್ಲಿ ಕೊಟ್ಟಿದ್ದೇನೆ."

"ನೋಡಿಕೊಂಡಿದ್ದೇನೆ," ಎಂದ ಲತೀಫ.

ಶುಕ್ರವಾರ ಅಬು ಹಮೂರಿನ ಬಯಲಿನಲ್ಲಿ ಜನವೋ ಜನ. ಜುಮಾ ಮುಗಿಸಿ ಬಂದವರು, ಯಾರದೋ ಮನೆಯಲ್ಲಿ ಕ್ರೈಸ್ತ ಪ್ರಾರ್ಥನೆ ಮುಗಿಸಿ ಬಂದವರು, ಲೇಬರ್ ಕ್ಯಾಂಪಿನ ಬಸ್ಸಿನಲ್ಲಿ ಬಂದವರು. ಅಂಕಣದಲ್ಲಿ ನೀರು ಹೊಡೆದಿದ್ದ ಮರಳು ನೋಡನೋಡುತ್ತಿದ್ದಂತೆ ಒಣಗುತ್ತಿತ್ತು. ಲತೀಫ ಪಿಕಪ್ಪಿನಿಂದ ಕಾಟಾ ಇಳಿಸಿ ನಿಲ್ಲಿಸಿದ. ಆಟಗಾರರು ಒಬ್ಬೊಬ್ಬರಾಗಿ ಹತ್ತಿದರು. ಎಲ್ಲರೂ ತಾವೆಣಿಸಿದ್ದಕ್ಕಿಂತ ಹಗುರ. "ನೋಡಿ, ಮೆಸ್ಸಿನ ಊಟ ಬಿಟ್ಟದ್ದು ಫಲ ಕೊಟ್ಟಿತು" ಎಂದು ಒಬ್ಬ ಹೊಟ್ಟೆ ಸವರಿಕೊಂಡ. ಯಾರಿಗೂ ಅನುಮಾನ ಬರಲಿಲ್ಲ. ಲತೀಫಾಕನ ಕಾಟಾ ಅಲ್ಲವೇ!

ಕೊನೆಗೆ ಜಾಬಿರ್ ಬಂದ. ಲತೀಫ ಅರವತ್ತರ ಗೆರೆಯ ಮೇಲೆ ಕಣ್ಣಿಟ್ಟು ಕಾದ. ಮುಳ್ಳು ಅಲ್ಲಿಯವರೆಗೆ ಬರಲೇ ಇಲ್ಲ. ಐವತ್ತೆಂಟರಲ್ಲಿ ನಡುಗಿ ನಿಂತಿತು.

ಲತೀಫ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸ್ಕ್ರೂ ನುಂಗಿದ್ದು ಎರಡು ಕಿಲೋ. ಹಾಗಾದರೆ ಇನ್ನೆರಡು ಕಿಲೋ ಎಲ್ಲಿ ಹೋಯಿತು? ತಲೆಯೆತ್ತಿ ಹುಡುಗನ ಮುಖ ನೋಡಿದ. ತುಟಿ ಬಿರಿದಿತ್ತು, ಕಣ್ಣು ಗುಳಿ ಬಿದ್ದಿತ್ತು, ಅಷ್ಟು ಬಿಸಿಲಿನಲ್ಲೂ ಹಣೆಯ ಮೇಲೆ ಬೆವರಿನ ಒಂದು ಹನಿಯಿಲ್ಲ. ಅವನು ನೀರು ಕುಡಿದಿರಲಿಲ್ಲ. ಬೆಳಗಿನಿಂದ ಮುಚ್ಚಿದ ಕಾರಿನೊಳಗೆ ಕೂತು ಮೈ ಬಸಿದುಕೊಂಡು ಬಂದಿದ್ದ.

"ಇಷ್ಟೊಂದು ಇಳಿದೆನಾ ಭಾವ?" ಎಂದು ಜಾಬಿರನೇ ಬೆರಗಾಗಿ ಕೇಳಿದ. ದನಿ ಕಾಗದ ಹರಿದಂತಿತ್ತು.

"ಇವನು ಆಡುವ ಸ್ಥಿತಿಯಲ್ಲಿಲ್ಲ. ಇಳಿಸಿ ಇವನನ್ನು, ನೀರು ಕೊಡಿ," ಎಂದು ಲತೀಫ ಕೂಗಿದ.

ವೆಂಕಟರಾಮು ಓಡಿ ಬಂದ. "ಎಂತ ಲತೀಫಾಕ, ತಲೆ ಕೆಟ್ಟಿದೆಯಾ? ಎರಡು ಕಿಲೋ ಕಮ್ಮಿಯೇ ಉಂಟಲ್ಲ! ಆಡಿಸುವುದು ಬಿಡುವುದು ನನ್ನ ಕೆಲಸ. ನೀವು ಮುಳ್ಳು ನೋಡಿ, ಸಾಕು."

"ನಾನು ಚೆನ್ನಾಗಿದ್ದೇನೆ," ಎಂದ ಜಾಬಿರ್. ಅಷ್ಟರಲ್ಲಿ ರೆಫರಿ ಪೀಪಿ ಊದಿ ತಂಡಗಳನ್ನು ಒಳಗೆ ಕರೆದ. ಕಾಟಾದಿಂದ ಇಳಿದವನು ನೇರ ಅಂಕಣಕ್ಕೆ.

ಆ ಕ್ಷಣ ಲತೀಫನ ಕೈಯಲ್ಲಿ ಉಳಿದಿದ್ದು ಕಾಟಾದ ಒಳ್ಳೆಯ ಹೆಸರು ಒಂದೇ. ಅದು ಅವನ ಅನ್ನ, ಅವನ ಮರ್ಯಾದೆ ಎರಡೂ ಆಗಿತ್ತು. ತಮ್ಮನನ್ನು ನಿಮ್ಮ ಕೈಯಲ್ಲಿ ಕೊಟ್ಟಿದ್ದೇನೆ ಎಂದ ಸಾರಮ್ಮನ ಮಾತು ಎದೆಗೆ ಒದ್ದಿತು.

"ನಿಲ್ಲಿಸಿ!" ಎಂದ. "ಈ ಕಾಟಾ ಸುಳ್ಳು. ನಾನೇ ನಿನ್ನೆ ತಿರುಗಿಸಿ ಇಟ್ಟಿದ್ದೇನೆ. ಎರಡು ಕಿಲೋ ಕಡಿಮೆ ತೋರಿಸ್ತದೆ. ಯಾರ ತೂಕವೂ ಸರಿಯಿಲ್ಲ. ಆಟ ನಡೆಯುವ ಹಾಗಿಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಯಲಿಗೆ ಬಯಲೇ ಅವನ ಮೇಲೆ ಬಿತ್ತು. ಮೈದುನನನ್ನು ಗೆಲ್ಲಿಸಲು ಮಾಡಿದ ಮಸಲತ್ತು ಎಂದರು ಕೆಲವರು. ಎದುರು ತಂಡದಿಂದ ಎಷ್ಟು ಸಿಕ್ಕಿತು, ಈಗ ಆಟ ಕೆಡಿಸುತ್ತಿದ್ದೀಯಾ ಎಂದರು ಪಡುಬೆಟ್ಟಿನವರು. ಹಿಂದಿನಿಂದ ಒಂದು ದನಿ, "ಹಾಗಾದರೆ ನಮ್ಮ ಪೆಟ್ಟಿಗೆ?" ಎಂದು ಕೇಳಿತು. ಆಮೇಲೆ ಆ ಪ್ರಶ್ನೆ ಬಾಯಿಂದ ಬಾಯಿಗೆ ಹಾರಿತು. ನಿನ್ನೆ ಮಾತ್ರ, ಇದೊಂದು ಸಲ ಮಾತ್ರ ಎಂದು ಲತೀಫ ಹೇಳುತ್ತಲೇ ಇದ್ದ. ಕೇಳುವವರು ಯಾರು?

ತಿರುಮಲೇಶ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಇಷ್ಟು ಜನ ಬಂದಿದ್ದಾರೆ, ಆಟ ನಿಲ್ಲೋದಿಲ್ಲ. ಬೇರೆ ಕಾಟಾ ತರಿಸಿ, ಮತ್ತೆ ತೂಗಿ" ಎಂದು ತೀರ್ಪು ಕೊಟ್ಟ. ಅಕ್ಕಿ ಮೂಟೆ ತೂಗುವ ಕಾಟಾ ತರಲು ಕಾರು ಓಡಿತು. ಲತೀಫ ಎಣಿಸಿದ್ದು ಆಟವೇ ನಿಲ್ಲುತ್ತದೆ ಎಂದು. ಆಟದ ಹುಚ್ಚು ಹಿಡಿದ ಜನರಿಗೆ ಕಾಟಾ ಬದಲಾಯಿಸಿದರೆ ಮುಗಿಯಿತು ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ.

ಜಾಬಿರ್ ಒಂದು ಬಸ್ಸಿನ ನೆರಳಿನಲ್ಲಿ ಕೂತಿದ್ದ. ಲತೀಫ ನೀರಿನ ಬಾಟಲಿ ಹಿಡಿದು ಅವನೆದುರು ಕುಕ್ಕರಗಾಲಲ್ಲಿ ಕೂತ.

"ಕುಡಿ ಮಗಾ. ನಿನ್ನ ಕಾಲು ಹಿಡೀತೇನೆ."

ಜಾಬಿರ್ ಬಾಟಲಿ ನೋಡಿದ, ಮುಖ ತಿರುಗಿಸಿದ. "'ನನಗೆ ಬಿಡು' ಅಂದಿರಲ್ಲ ಭಾವ, ಇದಕ್ಕಾ? ನಾನು ಸಮಾಧಾನಕ್ಕೆ ಹೇಳ್ತೀರಿ ಅಂದುಕೊಂಡೆ. ನಿಮ್ಮ ಕಾಟಾ ಸುಳ್ಳು ಹೇಳುವುದಿಲ್ಲ ಅಂತ ನಂಬಿಯೇ ಹೀಗೆ ಒಣಗಿದ್ದು ನಾನು."

ಲತೀಫ ಬಾಟಲಿಯ ಮುಚ್ಚಳ ತೆಗೆದು ಮತ್ತೆ ಮುಂದೆ ಹಿಡಿದ.

"ನನ್ನ ತೂಕ ಸರಿ ಉಂಟು," ಎಂದ ಜಾಬಿರ್. "ಈಗ ನೀರು ಕುಡಿದರೆ ನಾನೂ ಕಳ್ಳ ಅಂತ ಆಗ್ತದೆ. ಎಲ್ಲರೆದುರು ತೂಗಿ ತೋರಿಸ್ತೇನೆ."

ಬೇರೆ ಕಾಟಾ ಬಂತು. ಜಾಬಿರ್ ಹತ್ತಿ ನಿಂತ. ಅರವತ್ತಕ್ಕೆ ಒಂದು ಗೆರೆ ಕಡಿಮೆ. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು, ವೆಂಕಟರಾಮು ಅವನನ್ನು ತಬ್ಬಿಕೊಂಡ. ಪ್ರಾಮಾಣಿಕ ಹುಡುಗ, ಭಾವನ ಹಾಗಲ್ಲ ಎಂದು ಯಾರೋ ಲತೀಫನಿಗೆ ಕೇಳಿಸುವಂತೆಯೇ ಹೇಳಿದರು. ಎದುರು ತಂಡದಲ್ಲಿ ತೂಕ ಮೀರಿದ ಇಬ್ಬರನ್ನು ಹೊರಗಿಟ್ಟು ಆಟ ಶುರುವಾಯಿತು.

ಲತೀಫ ಗೆರೆಯ ಅಂಚಿನಲ್ಲಿ ಬಾಟಲಿ ಹಿಡಿದು ನಿಂತಿದ್ದ. ಮೊದಲ ರೈಡಿನಲ್ಲಿ ಜಾಬಿರ್ ಇಬ್ಬರನ್ನು ಮುಟ್ಟಿ ಬಂದ. ಎರಡನೆಯದರಲ್ಲಿ ಒಬ್ಬ. ಮೂರನೆಯ ಸಲ ಮಧ್ಯಗೆರೆ ದಾಟಿದಾಗ ಅವನ ಕಬಡ್ಡಿ ಕಬಡ್ಡಿ ರಸ್ತೆಗಿರಲಿ, ಗೆರೆಯ ಬಳಿ ನಿಂತವರಿಗೂ ಕೇಳಿಸಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ದನಿ ನಿಂತಿತು, ಔಟು ಎಂದು ರೆಫರಿ ಪೀಪಿ ಊದಿದ. ಜಾಬಿರನಿಗೆ ಅದೂ ಕೇಳಿಸಲಿಲ್ಲ. ತುಟಿ ಆಡಿಸುತ್ತಲೇ ಎರಡು ಹೆಜ್ಜೆ ಮುಂದೆ ಹೋಗಿ, ಮೊಣಕಾಲೂರಿ, ಮುಖ ಅಡಿಯಾಗಿ ಮರಳಿನ ಮೇಲೆ ಬಿದ್ದ. ಎದುರಾಳಿ ಹುಡುಗರೇ ಮೊದಲು ಅವನನ್ನು ಎತ್ತಿದ್ದು.

ಪಿಕಪ್ ಅಲ್ಲೇ ನಿಂತಿತ್ತು.

ಹುಡುಗ ಬದುಕಿದ. ಬದುಕಿದ ಎಂದು ಹೇಳಲು ಡಾಕ್ಟರರು ತೆಗೆದುಕೊಂಡ ದಿನಗಳಲ್ಲಿ ಲತೀಫ ಹತ್ತು ವರ್ಷ ಮುದುಕನಾದ. ಕಿಡ್ನಿಗೆ ಪೆಟ್ಟು ಬಿದ್ದಿದೆ, ಯಂತ್ರಕ್ಕೆ ಹಾಕಿ ರಕ್ತ ತೊಳೆಯಬೇಕು ಎಂದರು, ತೊಳೆದರು. ಇನ್ನು ಭಾರದ ಕೆಲಸವಿಲ್ಲ, ಬಿಸಿಲಿನ ಕೆಲಸವಿಲ್ಲ ಎಂದರು. ಬಿಸಿಲೂ ಭಾರವೂ ಇಲ್ಲದ ಕೆಲಸ ಜಾಬಿರನಿಗೆ ಕತಾರಿನಲ್ಲಿ ಯಾರು ಕೊಡುತ್ತಾರೆ? ತಿರುಮಲೇಶ್ ಒಂದು ದಿನ ಸೇಬಿನ ಬುಟ್ಟಿ ಹಿಡಿದು ಬಂದು, ಮಂಚದ ಪಕ್ಕ ಹವಾಮಾನದ ಮಾತಾಡಿ ಎದ್ದು ಹೋದ. ಸ್ಟೋರಿನ ಸುದ್ದಿ ಅವನೂ ಎತ್ತಲಿಲ್ಲ, ಇವರೂ ಕೇಳಲಿಲ್ಲ. ಆ ಸೇಬನ್ನು ಸಾರಮ್ಮ ಮನೆಗೆ ಒಯ್ಯದೆ ವಾರ್ಡಿನವರಿಗೆ ಹಂಚಿದಳು.

ಅವಳು ಗಂಡನ ಮೇಲೆ ಕೂಗಾಡಲಿಲ್ಲ. ಒಂದು ಸಂಜೆ ಮಾತ್ರ ಆಸ್ಪತ್ರೆಯ ವರಾಂಡದಲ್ಲಿ ಹೇಳಿದಳು, "ಮುಳ್ಳು ತಿರುಗಿಸುವ ಬದಲು ಅವನ ರಟ್ಟೆ ಹಿಡಿದು ಮನೆಯಲ್ಲಿ ಕೂರಿಸಬೇಕಿತ್ತು ನೀವು. ಅವನು ಅತ್ತಿದ್ದರೆ ಅಳಲಿ."

"ಅವನು ಅಳುವುದನ್ನು ನೋಡಲಿಕ್ಕೆ ಆಗಲಿಲ್ಲ ಸಾರಾ."

"ಈಗ ನೋಡಿ," ಎಂದಳು.

ಕಾಟಾವನ್ನು ಲತೀಫ ಫೈನಲಿನ ಮರುದಿನ ಶನಿವಾರವೇ ಸರಿ ಮಾಡಿದ್ದ. ತೂಕದ ಕಲ್ಲು ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದ್ದ. ಕಾಟಾ ಸರಿಯಾಯಿತು, ಜನರ ಮನಸ್ಸು ಸರಿಯಾಗಲಿಲ್ಲ. ಗಿರಾಕಿಗಳು ಮುಂದಿನ ಗಲ್ಲಿಯ ಅಂಗಡಿಗೆ ಹೋಗತೊಡಗಿದರು. ದೋಹಾಕ್ಕೆ ಬಂದಾಗಿನಿಂದ ಅವನಲ್ಲಿಗೇ ಬರುತ್ತಿದ್ದ ಆಯಿಷಮ್ಮ ಈಗಲೂ ಬಂದರು. ಆದರೆ ಚೀಲದಿಂದ ತಮ್ಮದೇ ಸ್ಪ್ರಿಂಗ್ ತಕ್ಕಡಿ ತೆಗೆದು ಸಾಮಾನನ್ನು ಮೊದಲು ಅದರಲ್ಲಿ ತೂಗಿದರು. "ಬೇಸರ ಮಾಡ್ಬೇಡಿ ಲತೀಫಾಕ, ಮಗಳು ಕೊಟ್ಟು ಕಳಿಸಿದ್ದು" ಎಂದರು. ಲತೀಫ ಬೇಸರವಿಲ್ಲ ಎಂದ. ಬೇರೆಯವರು ಬೈದಾಗ ಆಗದ ನೋವು ಅವತ್ತು ಆಯಿತು.

ಜೂನ್ ತಿಂಗಳಲ್ಲಿ ಜಾಬಿರ್ ಊರಿಗೆ ಹೊರಟ. ಹೊರಡುವ ದಿನ ಬೆಳಿಗ್ಗೆ, ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹೊತ್ತಿಗೆ, ಟ್ಯಾಕ್ಸಿಯಿಂದ ಇಳಿದ. ಅವನ ಪೆಟ್ಟಿಗೆಯನ್ನು ಡ್ರೈವರ್ ಎತ್ತಿ ತಂದಿಟ್ಟು ಹೋದ. ಆಸ್ಪತ್ರೆಯಲ್ಲಿ ಹೂಂ, ಉಹೂಂ ಬಿಟ್ಟರೆ ಭಾವನ ಜೊತೆ ಅವನು ಮಾತೇ ಆಡಿರಲಿಲ್ಲ. ಮುಂದಿನ ಗಲ್ಲಿಗೆ ಹೋಗುತ್ತಾನೆ ಎಂದೇ ಲತೀಫ ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

"ತೂಗಿ ಭಾವ," ಎಂದ ಜಾಬಿರ್.

ಲತೀಫ ಪೆಟ್ಟಿಗೆ ತೂಗಿ, ತೂಕವನ್ನು ಮಸಿಯಲ್ಲಿ ಅದರ ಮೇಲೆ ಬರೆದ. ಮೇಜಿನ ಮೇಲಿದ್ದ ಲೋಟಕ್ಕೆ ನೀರು ಬಗ್ಗಿಸಿ ಇಟ್ಟ. ಜಾಬಿರ್ ಚಪ್ಪಲಿ ಕಳಚಿ ಮೆಲ್ಲಗೆ ಕಾಟಾದ ಮೇಲೆ ತಾನೇ ಹತ್ತಿ ನಿಂತ. ಮುಳ್ಳಿಗೆ ಬೆನ್ನು ಹಾಕಿ ನಿಂತ.

"ನನ್ನದು ಎಷ್ಟು?"

ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ಮುಳ್ಳು ಐವತ್ತಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತು, ಮುಂದೆ ಹೋಗಲೇ ಇಲ್ಲ. ಲತೀಫ ಅದನ್ನೇ ನೋಡಿದ. ಈ ಒಂದು ಸಲ ಕಾಟಾ ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

"ಅರವತ್ತು," ಎಂದ.

ಜಾಬಿರ್ ತಿರುಗಿ ನೋಡಲಿಲ್ಲ. ಆಮೇಲೆ ಇಳಿದು, ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡು ನೀರನ್ನು ಪೂರ್ತಿ ಕುಡಿದ.